ಹತ್ತಂಕಿಯ ದಾನಶೂರ

ಕರ್ಣ ಕವಚ-ಕುಂಡಲ ಕೊಟ್ಟದ್ದು ಒಂದೇ ಸಲ. ಬೇಡಲು ಬಂದವನೂ ಸಾಕ್ಷಾತ್ ದೇವೇಂದ್ರ. ನಾನು ಹೇಳಹೊರಟ ದಾನಿ ಹಾಗಲ್ಲ. ಅವರು ಹೊತ್ತುಗೊತ್ತಿಲ್ಲದೆ ಕೊಡುತ್ತಾರೆ, ಬೇಡುವವರು ಯಾರೆಂದು ವಿಚಾರಿಸುವುದಿಲ್ಲ, ಎಷ್ಟೋ ಸಲ ಬೇಡುವ ತನಕ ಕಾಯುವುದೂ ಇಲ್ಲ. ಕೊಡುವ ವಸ್ತು ಹತ್ತಂಕಿಯ ಮೊಬೈಲ್ ನಂಬರು. ಚಪ್ಪಲಿ ಅಂಗಡಿಯ ಬಿಲ್ಲಿಗೆ ಕೊಡುತ್ತಾರೆ, ಪೆಟ್ರೋಲ್ ಬಂಕಿನ ಲಕ್ಕಿ ಡಿಪ್ ಡಬ್ಬಿಗೆ ಹಾಕುತ್ತಾರೆ, ಅಪಾರ್ಟ್‌ಮೆಂಟ್ ಗೇಟಿನ ರಿಜಿಸ್ಟರಿನಲ್ಲಿ ದುಂಡಗೆ ಬರೆಯುತ್ತಾರೆ, ಉಚಿತ ಮೂಳೆ ತಪಾಸಣೆ ಶಿಬಿರದಲ್ಲಿ ಮೂಳೆಗಿಂತ ಮೊದಲು ಅದನ್ನೇ ತೋರಿಸುತ್ತಾರೆ. ಇಂಥವರು ಪ್ರತಿ ಕುಟುಂಬಕ್ಕೂ ಒಬ್ಬರಿರುತ್ತಾರೆ. ನಮ್ಮಲ್ಲಿ ಆ ಸ್ಥಾನವನ್ನು ಅಲಂಕರಿಸಿರುವವರು ನನ್ನ ಅಕ್ಕನ ಗಂಡ.

ಭಾವನವರು ವಿದ್ಯುತ್ ಮಂಡಳಿಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದವರು. ಮೈಸೂರಿನ ಸರಸ್ವತಿಪುರಂನಲ್ಲಿ ಮನೆ, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್, ಸಂಜೆ ಟೀವಿ. ದುಡ್ಡಿನ ವಿಷಯದಲ್ಲಿ ಪೈಸೆ ಬಿಡುವವರಲ್ಲ. ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುತ್ತಾರೆ. ಗೆದ್ದ ಮೇಲೆ ತರಕಾರಿಯವನಿಗೂ ನಂಬರು ಕೊಟ್ಟು ಬರುತ್ತಾರೆ, "ಎಳೇ ನುಗ್ಗೇಕಾಯಿ ಬಂದಾಗ ಒಂದು ಫೋನ್ ಹಾಕಪ್ಪ" ಎಂದು.

ನಾನು ಇದಕ್ಕೆ ತದ್ವಿರುದ್ಧ. ಗೊತ್ತಿಲ್ಲದ ನಂಬರಿನಿಂದ ಬಂದ ಕರೆಯನ್ನು ಎತ್ತುವುದಿಲ್ಲ. ಅಂಗಡಿಯಲ್ಲಿ ನಂಬರು ಕೇಳಿದರೆ ಕಾನೂನು ಮಾತಾಡುತ್ತೇನೆ. ಬಿಲ್ ಹಾಕಲು ಗ್ರಾಹಕರ ಮೊಬೈಲ್ ನಂಬರಿಗೆ ಒತ್ತಾಯ ಮಾಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚಿಸಿದೆ. ಇದನ್ನು ನಾನು ದೇವರಾಜ ಅರಸು ರಸ್ತೆಯ ಒಂದು ಬಟ್ಟೆ ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ, ಹಬ್ಬದ ಹಿಂದಿನ ದಿನ, ಹಿಂದೆ ಉದ್ದ ಸಾಲು ನಿಂತಿದ್ದಾಗ ವಿವರಿಸಿದ್ದೇನೆ. ಹುಡುಗಿ ಕಣ್ಣರಳಿಸಿ ಕೇಳುತ್ತಿದ್ದಳು. ಸಾಲಿನವರು ನನ್ನ ವಂಶವನ್ನು ನೆನೆಯುತ್ತಿದ್ದರು. ಅಷ್ಟರಲ್ಲಿ ಪಕ್ಕದಿಂದ ಭಾವನವರ ಧ್ವನಿ: "ಅವನಿಗೆ ಮರೆವು ಕಣಮ್ಮ. ನಾನು ಹೇಳ್ತೀನಿ ಬರ್ಕೊ, ತೊಂಬತ್ತೆಂಟು, ನಲವತ್ತೈದು..." ಪೂರ್ತಿ ಹೇಳಿದರು. ಮತ್ತೊಮ್ಮೆ ಹೇಳಿ ತಾಳೆ ನೋಡಿದರು. ಸಾಲಿನವರು ಅವರನ್ನು ಕೃತಜ್ಞತೆಯಿಂದ ನೋಡಿದರು.

ನನ್ನ ಹೆಂಡತಿಯೂ ಅವರ ಕಡೆಯೇ. ಗ್ಯಾಸ್ ಸಿಲಿಂಡರಿನ ಹುಡುಗ, ಕೊರಿಯರಿನವನು, ಕೊನೆಗೆ ಅವಳ ತವರಿನವರು, ನಾನು ಫೋನ್ ಎತ್ತದಿದ್ದಾಗ ಎಲ್ಲರೂ ಭಾವನವರಿಗೆ ಮಾಡುತ್ತಾರೆ. ಜಗತ್ತು ನನ್ನನ್ನು ತಲುಪುವುದು ಅವರ ಮುಖಾಂತರ ಎಂದು ಅವಳ ವಾದ. ಹೌದು, ಬೇಡದ ಜಗತ್ತೂ ಹಾಗೆಯೇ ತಲುಪುತ್ತದೆ.

ದಸರಾ ವಸ್ತುಪ್ರದರ್ಶನದ ಒಂದು ಮಳಿಗೆಯಲ್ಲಿ ಭಾವನವರು ಕೂಪನ್ ತುಂಬಿದ್ದರು. ಮೊದಲ ಬಹುಮಾನ ಕಾರು. ಅವರಿಗೆ ಸೈಕಲ್ಲು ಬಿಟ್ಟು ಬೇರೇನೂ ಓಡಿಸಲು ಬರುವುದಿಲ್ಲ, ಆದರೂ ತುಂಬಿದರು. ಹೆಸರು, ವಯಸ್ಸು, ಉದ್ಯೋಗ, ನಂಬರು, ಕೆಳಗೆ 'ಇಬ್ಬರು ಆಪ್ತರ ನಂಬರು'. ಮೊದಲ ಆಪ್ತ ನಾನು. ಎರಡನೆಯವರು ಕೆರೆ ಏರಿಯ ವಾಕಿಂಗ್ ಗೆಳೆಯರು. ಮುಂದೆ ನಡೆದದ್ದಕ್ಕೆಲ್ಲ ಆ ಕೂಪನ್ನೇ ಮೂಲವೆಂದು ನಾನು ಪ್ರಮಾಣ ಮಾಡಲಾರೆ. ಭಾವನವರ ನಂಬರು ಇಲ್ಲದ ಡಬ್ಬಿ ಮೈಸೂರಿನಲ್ಲಿ ಯಾವುದಿದೆ? ಕಾರು ಬರಲಿಲ್ಲ, ಕರೆಗಳು ಬಂದವು. ಮೊದಲು ನಂಜನಗೂಡು ರಸ್ತೆಯ ಸೈಟು, ಆಮೇಲೆ ಆರೋಗ್ಯ ವಿಮೆ, ಆಮೇಲೆ ಬಿಟ್‌ಕಾಯಿನ್.

ಆ ದಿನ ನಾನು ಅವರ ಮನೆಯಲ್ಲೇ ಚಕ್ಕುಲಿ ತಿನ್ನುತ್ತ ಕೂತಿದ್ದೆ. ಭಾವನವರು ಯಾವ ಕರೆಯನ್ನೂ ಕಿವಿಗೆ ಹಚ್ಚುವುದಿಲ್ಲ, ಸ್ಪೀಕರಿಗೆ ಹಾಕಿ ಫೋನನ್ನು ಅಂಗೈಯಲ್ಲಿ ಹಿಡಿದು ಮಾತಾಡುತ್ತಾರೆ. ಹಾಗಾಗಿ ಇಡೀ ಸಂಭಾಷಣೆ ನನ್ನ ಪಾಲಿಗೂ ಬಂತು.

"ಸರ್, 2017ರಲ್ಲಿ ನಿಮ್ಮ ಹೆಸರಲ್ಲಿ ಒಂದು ಕ್ರಿಪ್ಟೊ ವ್ಯಾಲೆಟ್ ಓಪನ್ ಆಗಿದೆ. ಅದರಲ್ಲಿರೋ ಬಿಟ್‌ಕಾಯಿನ್‌ಗೆ ಈಗ 40 ಲಕ್ಷ ಆಗಿದೆ ಸರ್."

"2017ರಲ್ಲಾ? ಆ ವರ್ಷ ನನಗೆ ಹರ್ನಿಯಾ ಆಪರೇಷನ್ ಆಯ್ತಮ್ಮ. ಇಪ್ಪತ್ತು ದಿನ ರೆಸ್ಟು. ವ್ಯಾಲೆಟ್ ತೆಗೆದ ನೆನಪಿಲ್ವಲ್ಲ."

ಹೀಗೆ ಮೊದಲ ನಿಮಿಷದಲ್ಲೇ ವೈದ್ಯಕೀಯ ಇತಿಹಾಸ ಕೈದಾಟಿತು. ಆ ಹೆಣ್ಣುಮಗಳು ಬ್ಲಾಕ್‌ಚೈನ್ ಎಂದಳು, ಅದೊಂದು ಲೆಡ್ಜರ್ ಇದ್ದ ಹಾಗೆ ಎಂದಳು. ಭಾವನವರ ಬೆನ್ನು ನೆಟ್ಟಗಾಯಿತು. ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ಬರೆದವರು.

"ಯಾರಮ್ಮ ಬರೆಯೋದು ಲೆಡ್ಜರು?"

"ಸಾವಿರಾರು ಕಂಪ್ಯೂಟರ್ ಸರ್. ಎಲ್ಲರ ಹತ್ರನೂ ಒಂದೊಂದು ಕಾಪಿ ಇರುತ್ತೆ."

"ಸರಿ. ತಪ್ಪು ಪೋಸ್ಟಿಂಗ್ ಆದ್ರೆ ರಿವರ್ಸ್ ಎಂಟ್ರಿ ಯಾರು ಹಾಕ್ತಾರೆ?"

ಆ ಕಡೆ ಮೌನ. ನನಗೂ ಚಕ್ಕುಲಿ ಗಂಟಲಲ್ಲಿ ನಿಂತಿತು. ಇಡೀ ವ್ಯವಹಾರದ ಮರ್ಮ ಆ ಒಂದು ಪ್ರಶ್ನೆಯಲ್ಲಿತ್ತು. 2009ರ ಜನವರಿಯಲ್ಲಿ ಶುರುವಾದ ಬಿಟ್‌ಕಾಯಿನ್‌ಗೆ ಮ್ಯಾನೇಜರಿಲ್ಲ, ಪ್ರಧಾನ ಕಚೇರಿಯಿಲ್ಲ. ಒಂದು ವ್ಯಾಲೆಟ್ಟಿನಿಂದ ಇನ್ನೊಂದಕ್ಕೆ ಹೋಗಿ ಲೆಡ್ಜರಿನಲ್ಲಿ ದಾಖಲಾದ ಮೇಲೆ 'ತಪ್ಪಾಯಿತು, ವಾಪಸ್ ಹಾಕಿ' ಎಂದು ಅರ್ಜಿ ಕೊಡಲು ಕಿಟಕಿಯೇ ಇಲ್ಲ. ಪ್ರಾಮಾಣಿಕರು ಇದನ್ನು ಅದರ ಶಕ್ತಿ ಎನ್ನುತ್ತಾರೆ. ಕಳ್ಳರಿಗೂ ಅದು ಅಷ್ಟೇ ಇಷ್ಟ. ನಿವೃತ್ತ ಗುಮಾಸ್ತರೊಬ್ಬರು ಇದನ್ನು ಒಂದು ಪ್ರಶ್ನೆಯಲ್ಲಿ ಹಿಡಿದರು, ಹಿಡಿದದ್ದು ಅವರಿಗೇ ತಿಳಿಯಲಿಲ್ಲ.

"ಶಾಖೆ ಎಲ್ಲಿದೆ? ನಾನೇ ಬಂದು ಪಾಸ್‌ಬುಕ್ ಎಂಟ್ರಿ ಹಾಕಿಸ್ಕೋತೀನಿ" ಎಂದರು. ಹಾಂಗ್‌ಕಾಂಗ್ ಎಂದಳು. "ಬೆಂಗಳೂರಲ್ಲೂ ಇಲ್ವಾ?" ಎಂದು ಬೇಸರಪಟ್ಟರು. ಅವಳು ಕ್ಲಿಯರೆನ್ಸ್ ಫೀ ಎಂದಳು, ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಕೊಳ್ಳಿ ಎಂದಳು. ನಾನು ಎರಡು ಕೈಯನ್ನೂ ಅಡ್ಡಡ್ಡ ಆಡಿಸಿ ಬೇಡ ಬೇಡ ಎಂದು ಸನ್ನೆ ಮಾಡಿದೆ. ಭಾವನವರು ನನ್ನನ್ನು ನೋಡಿದರು, ತಲೆಯಾಡಿಸಿದರು, ಫೋನಿಗೆ ಹೇಳಿದರು:

"ನನಗೆ ಇವೆಲ್ಲ ತಿಳಿಯಲ್ಲಮ್ಮ. ನನ್ನ ಬಾಮೈದ ಇದ್ದಾನೆ, ಪೇಪರಿಗೆಲ್ಲ ಬರೀತಾನೆ, ಓದ್ಕೊಂಡಿದ್ದಾನೆ. ಇಲ್ಲೇ ಕೂತಿದ್ದಾನೆ, ಸಂಕೋಚದ ಸ್ವಭಾವ. ಸಕ್ಕರೆ ಕಾಯಿಲೆ ಬೇರೆ, ಪಾಪ. ಸಂಜೆ ಮಾಡಿ. ಬರ್ಕೊಳ್ಳಿ, ತೊಂಬತ್ತೆಂಟು, ನಲವತ್ತೈದು..."

ಸಂಜೆ ಕರೆ ಬಂತು. ಈ ಸಲ ಗಂಡಸು. "ನಮಸ್ಕಾರ ಸರ್. ಶುಗರ್ ಕಂಟ್ರೋಲಲ್ಲಿದೆಯಾ?" ನಮ್ಮ ಮನೆಯಲ್ಲಿ ಯಾರೂ ಅಷ್ಟು ಅಕ್ಕರೆಯಿಂದ ಕೇಳಿದ್ದಿಲ್ಲ. ಪುಣೆಯಲ್ಲಿರುವ ಮಗಳ ವಿಷಯ ಕೇಳಿದ, ಬೋಗಾದಿಯ ಸೈಟಿನ ವಿಷಯ ಕೇಳಿದ. "ನಿಮ್ಮಂಥ ಓದಿಕೊಂಡವರಿಗೆ ಜಾಸ್ತಿ ವಿವರಿಸೋದು ಬೇಕಿಲ್ಲ" ಎಂದಾಗ ನನ್ನ ಮೀಸೆ ಒಂದು ಕ್ಷಣ ಕುಣಿದದ್ದು ಸುಳ್ಳಲ್ಲ. ವಂಚಕನಿಗೆ ಬರಿಯ ನಂಬರಿನಿಂದ ಹೆಚ್ಚು ಲಾಭವಿಲ್ಲ. ಅದರ ಜೊತೆ ಒಂದು ಹೆಸರು, ಒಂದು ಕಾಯಿಲೆ, ಒಬ್ಬ ಭಾವ ಸಿಕ್ಕರೆ ಅವನು ಅಪರಿಚಿತನಾಗಿ ಉಳಿಯುವುದಿಲ್ಲ, ಅರ್ಧ ನೆಂಟನಾಗುತ್ತಾನೆ. ನೆಂಟನ ಕರೆಯನ್ನು ಕತ್ತರಿಸುವುದು ನಮ್ಮಲ್ಲಿ ಅಷ್ಟು ಸುಲಭವಲ್ಲ.

ನಾನು ಕತ್ತರಿಸಿದೆ. ಕೇಳಿ ಭಾವನವರು ನೊಂದುಕೊಂಡರು. "ಊಟ ಆಯ್ತಾ ಅಂತಾದ್ರೂ ಕೇಳಿದ್ಯೇನಯ್ಯ?"

ಅವರು ಎಲ್ಲರನ್ನೂ ಕೇಳುತ್ತಾರೆ. ಕಳ್ಳನಿರಲಿ, ಸಾಲದ ಕಂಪನಿಯವನಿರಲಿ, "ಯಾವೂರಪ್ಪ? ಊಟ ಆಯ್ತಾ?" ಇದರ ಬಗ್ಗೆ ನಾನು ರೇಗಿದಾಗ ಅವರು ಎದ್ದುಹೋಗಿ ಹಳೆಯ ಪತ್ರಿಕೆಯ ಒಂದು ತುಂಡು ತಂದು ಮುಂದಿಟ್ಟರು. ಮ್ಯಾನ್ಮಾರ್‌ನ ಗಡಿಯ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಕೊಂಡಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತಂದ ಸುದ್ದಿ. ಒಳ್ಳೆಯ ಕೆಲಸವೆಂದು ನಂಬಿಸಿ ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಹಗಲೂ ರಾತ್ರಿ ಇಂಥ ಕರೆ, ಮೆಸೇಜು ಮಾಡಿಸುತ್ತಾರಂತೆ. "ಇವನು ಯಾವನೋ, ಅವರಲ್ಲೊಬ್ಬನೋ, ನನಗೇನು ಗೊತ್ತು? ಬೈಯೋಕೆ ಬಾಯಿ ಬರಲ್ಲ ಕಣಯ್ಯ" ಎಂದರು. ನಾನು ಬೈಯಲೆಂದೇ ಬಾಯಿ ತೆರೆದಿದ್ದೆ; ಇನ್ನೊಂದು ಚಕ್ಕುಲಿ ಹಾಕಿಕೊಂಡೆ.

ಇಷ್ಟಾದರೂ ವಂಚಕರಿಗೆ ಅವರಿಂದ ಒಂದು ರೂಪಾಯಿ ಕೀಳಲಾಗಲಿಲ್ಲ. ಒಮ್ಮೆ ಅವರನ್ನು ಕ್ರಿಪ್ಟೊ ಹೂಡಿಕೆಯ ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಇಂಥ ಗುಂಪುಗಳಲ್ಲಿ ಸದಸ್ಯರೆಂದು ಕಾಣುವ ಬಹುಪಾಲು ಮಂದಿ ವಂಚಕರದೇ ಕಡೆಯವರು. ಇವತ್ತು ಇಷ್ಟು ಲಾಭ ಬಂತು, ಪ್ರೊಫೆಸರ್ ಅವರಿಗೆ ಕೋಟಿ ನಮನ ಎಂದು ಸ್ಕ್ರೀನ್‌ಶಾಟ್ ಹಾಕುತ್ತಿರುತ್ತಾರೆ. ಭಾವನವರು ದಿನಾ ನಸುಕಿಗೆ ರಾಯರ ಫೋಟೊ ಹಾಕಿ 'ಶುಭೋದಯ' ಎಂದರು. ಏಕಾದಶಿಯಂದು ಉಪವಾಸದ ಮಹಿಮೆ ಹಾಕಿದರು. ಮೊಣಕಾಲು ನೋವಿಗೆ ಮನೆಮದ್ದು ಹಾಕಿದರು. ಲಾಭ ತೋರಿಸಿದವರನ್ನೆಲ್ಲ "ತಾವು ಯಾವ ಇಲಾಖೆಯಿಂದ ರಿಟೈರ್ ಆದದ್ದು?" ಎಂದು ವಿಚಾರಿಸಿದರು. ಒಂದು ವಾರ ಸಹಿಸಿಕೊಂಡ, ಗುಂಪು ನಡೆಸುವ ಆ ಪ್ರೊಫೆಸರು ಅವರನ್ನು ಗುಂಪಿನಿಂದ ತೆಗೆದುಹಾಕಿದ. "ನಾನೇನು ತಪ್ಪು ಬರೆದೆ ನೋಡು" ಎಂದು ನನಗೆ ಫೋನ್ ತೋರಿಸಿದರು. ಕಳ್ಳರೇ ಬಹಿಷ್ಕರಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಕೂಪನ್ನಿನ ಎರಡನೇ ಆಪ್ತರಿಗೆ ಆ ಅದೃಷ್ಟವಿರಲಿಲ್ಲ. ಅವರು ಶುಭೋದಯ ಹಾಕುವವರಲ್ಲ, ಮಿತಭಾಷಿ. ಇಂಥದೇ ಗುಂಪಿನ ಮಾತು ನಂಬಿ ಸ್ವಲ್ಪ ದುಡ್ಡು ಹಾಕಿದರು, ಲಾಭ ಸೇರಿಸಿ ವಾಪಸ್ ಬಂತು. ಗಾಳಕ್ಕೆ ಎರೆ ಸಿಕ್ಕಿಸುವ ಖರ್ಚು ಅದು. ಆಮೇಲೆ ನಿವೃತ್ತಿಯ ಗಂಟು ಹಾಕಿದರು. ಆ್ಯಪಿನಲ್ಲಿ ಅಂಕಿ ಬೆಳೆಯಿತು. ತೆಗೆಯಲು ಹೋದಾಗ, ಲಾಭದ ಮೇಲೆ ಶೇ 30 ತೆರಿಗೆ ಮೊದಲು ಕಟ್ಟಿ ಎಂದರು. ಕ್ರಿಪ್ಟೊ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆ ಇರುವುದು ನಿಜವೇ. ಆದರೆ ಅದು ಆದಾಯ ತೆರಿಗೆ ಇಲಾಖೆಗೆ ಸಲ್ಲುವ ಹಣ. ನಮ್ಮ ದುಡ್ಡು ಬಿಡಿಸಿಕೊಳ್ಳಲು ಯಾರದೋ ಖಾತೆಗೆ ಮುಂಗಡ ಹಾಕುವುದಲ್ಲ. ಅವರು ಅದನ್ನೂ ಕಟ್ಟಿದರು. ಕಾನೂನಿಗೆ ಅಂಜುವವರು, ತೆರಿಗೆ ಅಂದ ಮೇಲೆ ಕಟ್ಟದೆ ಇರಲಾರರು. ಮಗನಿಗೆ ತಿಳಿದಾಗ ತಿಂಗಳು ಕಳೆದಿತ್ತು. ಸೈಬರ್ ಸಹಾಯವಾಣಿ 1930ಕ್ಕೆ ಎಷ್ಟು ಬೇಗ ಹೇಳಿದರೆ ಬ್ಯಾಂಕುಗಳ ನಡುವೆ ಓಡುವ ಹಣವನ್ನು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ತಿಂಗಳಾದ ಮೇಲೆ ಅದು ಯಾವ ಯಾವ ವ್ಯಾಲೆಟ್ ದಾಟಿತ್ತೋ. ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಜೊತೆಯಲ್ಲಿ ಹೋದವರು ಭಾವನವರು. ಠಾಣೆಯಿಂದ ಬಂದ ಮೇಲೆ ಬಹಳ ದಿನ ಕೆರೆ ಕಡೆ ಹೋಗಲಿಲ್ಲ. ಅಷ್ಟರಲ್ಲಿ ಗೆಳೆಯರಿಗೆ ಇನ್ನೊಂದು ಕರೆ ಬಂದಿತ್ತಂತೆ: ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಫೀಸು ಸ್ವಲ್ಪ ಆಗುತ್ತದೆ. ಒಮ್ಮೆ ಮೋಸಹೋದವರ ಪಟ್ಟಿಯೂ ಮಾರಾಟದ ಸರಕೇ.

ಭಾವನವರ ಈ ಗುಣ ಎಲ್ಲಿಂದ ಬಂತೆಂದು ನನಗೆ ಗೊತ್ತು. 80ರ ದಶಕದಲ್ಲಿ ಅವರ ಬೀದಿಯಲ್ಲಿ ಫೋನ್ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಅರ್ಜಿ ಹಾಕಿ ವರ್ಷಗಟ್ಟಲೆ ಕಾದು ಬಂದ ಕಪ್ಪು ಡಬ್ಬಿ. ಬೀದಿಯವರೆಲ್ಲ ತಮ್ಮ ಲೆಟರ್‌ಹೆಡ್ಡಿನಲ್ಲಿ, ಮದುವೆ ಕಾರ್ಡಿನಲ್ಲಿ ಇವರ ನಂಬರನ್ನು 'ಪಿ.ಪಿ.' ಎಂದು ಹಾಕಿಸುತ್ತಿದ್ದರು. ಯಾರಿಗೋ ಹೆರಿಗೆಯಾದ, ಯಾರೋ ತೀರಿಕೊಂಡ ಸುದ್ದಿ ನಡುರಾತ್ರಿ ಇವರ ಮನೆಗೆ ಬರುತ್ತಿತ್ತು. ಇವರು ಬನಿಯನ್ನಿನಲ್ಲೇ ಓಡಿಹೋಗಿ ಬಾಗಿಲು ಬಡಿಯುತ್ತಿದ್ದರು. ಹೆಸರು, ವಿಳಾಸ, ನಂಬರು ಎಲ್ಲವನ್ನೂ ದೂರವಾಣಿ ಇಲಾಖೆಯೇ ದಪ್ಪ ಡೈರೆಕ್ಟರಿಯಲ್ಲಿ ಅಚ್ಚು ಹಾಕಿ ಫೋನಿದ್ದ ಮನೆಗಳಿಗೆ ಕೊಡುತ್ತಿತ್ತು, ಅದರಲ್ಲಿ ಹೆಸರಿರುವುದೇ ಮರ್ಯಾದೆ. ಆಗಿನ ನಂಬರಿನಿಂದ ಗಂಟೆ ಬಾರಿಸಬಹುದಿತ್ತು, ಅಷ್ಟೇ. ಈಗ ಅದೇ ನಂಬರಿಗೆ ಬ್ಯಾಂಕು, ಆಧಾರ್, ಯುಪಿಐ, ಗ್ಯಾಸು ಎಲ್ಲ ಕಟ್ಟಿಬಿಟ್ಟಿದ್ದೇವೆ. ಬೀದಿಗೆ ಒಂದು ನಂಬರು ಸಾಕೆಂದು ಬದುಕಿದವರಿಗೆ, ನಂಬರೆಂದರೆ ಬೀರುವಿನ ಬೀಗದಕೈ ಎಂದು ಹೇಗೆ ಹೇಳುವುದು?

ನಾನು ಪ್ರಯತ್ನ ಮಾಡದೆ ಇಲ್ಲ. 1909ಕ್ಕೆ ಮೆಸೇಜು ಕಳಿಸಿ ಅವರ ಫೋನಿಗೆ ಡಿ.ಎನ್.ಡಿ. ಹಾಕಿಸಿದೆ. ಕೆಲವು ದಿನ ಬಿಟ್ಟು, "ಫೋನ್ ಕೆಟ್ಟಿದೆಯೇನೋ ನೋಡಯ್ಯ, ಯಾರೂ ಮಾಡ್ತಿಲ್ಲ" ಎಂದು ತಂದುಕೊಟ್ಟರು. ಅಮೆರಿಕದಲ್ಲಿರುವ ಅವರ ಮಗ ಮಾಡುವುದು ಭಾನುವಾರ ಮಾತ್ರ. ಡಿ.ಎನ್.ಡಿ. ನಿಯಮ ಪಾಲಿಸುವ ಕಂಪನಿಗಳನ್ನು ತಡೆಯುತ್ತದೆಯೇ ಹೊರತು ಕಳ್ಳರನ್ನಲ್ಲ; ಆದ್ದರಿಂದ ಕಳ್ಳರೊಬ್ಬರೇ ಅವರ ಯೋಗಕ್ಷೇಮಕ್ಕೆ ಉಳಿದರು. ಅನುಮಾನದ ಕರೆಗಳನ್ನು ಸರ್ಕಾರದ ಸಂಚಾರ್ ಸಾಥಿಯ 'ಚಕ್ಷು'ವಿನಲ್ಲಿ ದೂರುವುದು ಹೇಗೆಂದು ತೋರಿಸಿದೆ. "ಚಾಡಿ ಹೇಳೋದು ಬೇಡ" ಎಂದರು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬಗ್ಗೆ ಹೇಳಿ, ನಮ್ಮ ಮಾಹಿತಿ ಬಳಸಲು ನಮ್ಮ ಒಪ್ಪಿಗೆ ಬೇಕು ಎಂದೆ. "ನಾನು ಎಲ್ಲರಿಗೂ ಒಪ್ಪಿಗೆ ಕೊಟ್ಟಿದ್ದೀನಲ್ಲ" ಎಂದರು. ಅವರ ಫೋನಿನಲ್ಲಿ ಸಾವಿರಕ್ಕೂ ಮೀರಿ ಹೆಸರುಗಳಿವೆ. ಟಾರ್ಚ್ ಆ್ಯಪ್ ಕೇಳಿದರೂ ಕಾಂಟ್ಯಾಕ್ಟ್ ನೋಡಲು 'ಅನುಮತಿಸಿ' ಒತ್ತುತ್ತಾರೆ. ಆ ಸಾವಿರ ಜನರ ಒಪ್ಪಿಗೆಯನ್ನು ಯಾರು ಕೇಳಿದರು?

ಗೆಳೆಯರ ಪ್ರಕರಣದ ನಂತರ ಭಾವನವರು ಬದಲಾಗಿದ್ದಾರೆ, ಇದನ್ನು ಒಪ್ಪಿಕೊಳ್ಳಬೇಕು. ಮೊನ್ನೆ ಅಕ್ಕನ ಎದುರಿಗೇ ಹೆಮ್ಮೆಯಿಂದ ಹೇಳಿದರು: "ಈಗ ನನ್ನ ನಂಬರು ಯಾರಿಗೂ ಕೊಡಲ್ಲ ಕಣಯ್ಯ. ನೀನು ಹೇಳಿದ್ದು ಸರಿ." ಮಾತು ನಿಜ. ಚಪ್ಪಲಿ ಅಂಗಡಿಯ ರಿಯಾಯಿತಿ, ಮೂಳೆ ಶಿಬಿರದ ವರದಿ, ನುಗ್ಗೇಕಾಯಿ ಬಂದ ಸುದ್ದಿ, ಎಲ್ಲವೂ ಈಗ ನನ್ನ ಫೋನಿಗೇ ಬರುತ್ತಿವೆ.

ಓದುಗರಲ್ಲಿ ಒಂದು ಬಿನ್ನಹ. ನನ್ನ ನಂಬರು ಬೇಕಾದವರು ದಯವಿಟ್ಟು ನನ್ನನ್ನೇ ಕೇಳಿ, ಕೊಡುವುದಿಲ್ಲ. ಭಾವನವರನ್ನು ಮಾತ್ರ ಕೇಳಬೇಡಿ.