ಮಿಣುಕು ಮೀಮಾಂಸೆ

ಲ್ಯಾಪ್‌ಟಾಪಿನ ಪರದೆ ಮಿಣುಕುತ್ತದೆ ಎಂಬುದು ಪ್ರತ್ಯಕ್ಷ ಪ್ರಮಾಣದಿಂದಲೇ ಸಿದ್ಧ. ಯಾಕೆ ಮಿಣುಕುತ್ತದೆ ಎಂಬಲ್ಲಿ ಮಾತ್ರ ಮತಭೇದ. ಮತಭೇದವಿದ್ದಲ್ಲಿ ಶಾಸ್ತ್ರ ಹುಟ್ಟದೆ ವಿಧಿಯಿಲ್ಲ.

ಪೂರ್ವಪಕ್ಷದಲ್ಲಿ ಅತಿ ಪ್ರಾಚೀನರು ಚಪೇಟಾವಾದಿಗಳು. ಡಬ್ಬಾ ಟಿವಿಯ ನೆತ್ತಿಗೆ ತಟ್ಟಿ ಚಿತ್ರ ಬರಿಸಿದ ಪರಂಪರೆಯವರು ಇವರು. ಲ್ಯಾಪ್‌ಟಾಪಿಗೂ ಅದೇ ದೀಕ್ಷೆ ಕೊಡುತ್ತಾರೆ. ಪೂರಾ ತಳ್ಳಿಹಾಕುವಂತಿಲ್ಲ. ಪರದೆಯ ಕೇಬಲ್ ಕೀಲಿನ ಬಳಿಯಿಂದಲೇ ಹಾಯುವುದರಿಂದ, ಮುಚ್ಚಳ ಅಲ್ಲಾಡಿಸಿದಂತೆ ಮಿಣುಕೂ ಬದಲಾದರೆ ಅನುಮಾನ ಕೇಬಲಿನ ಮೇಲೆಯೇ. ಎರಡನೆಯವರು ರೀಸ್ಟಾರ್ಟ್‌ವಾದಿಗಳು. ಆಫ್ ಮಾಡು, ಆನ್ ಮಾಡು: ಇಷ್ಟೇ ಇವರ ದರ್ಶನ. ಐಟಿ ವಿಭಾಗಗಳಲ್ಲಿ ಈ ಮತಕ್ಕೆ ರಾಜಾಶ್ರಯವಿದೆ.

ಸಿದ್ಧಾಂತಿಯ ಬೆರಳು ಗ್ರಾಫಿಕ್ಸ್ ಡ್ರೈವರಿನ ಕಡೆಗೆ. ಪ್ರಮಾಣವೇನು? ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ತ್ರಿಮುದ್ರೆಯಿಂದ ಅದನ್ನು ಆವಾಹಿಸಬೇಕು. ಉಳಿದೆಲ್ಲದರ ಜೊತೆ ಅದೂ ಮಿಣುಕಿದರೆ ದೋಷ ಬಹುಶಃ ಡ್ರೈವರಿನದು. ಅದೊಂದೇ ಅಚಲವಾಗಿ ನಿಂತರೆ ಯಾವುದೋ ಆ್ಯಪ್‌ನದು. ಇದು ಸಾಕ್ಷಾತ್ ಮೈಕ್ರೋಸಾಫ್ಟಿನ ಆಪ್ತವಾಕ್ಯ.

ಆಕ್ಷೇಪ: ಕೇಬಲ್ ಕೆಟ್ಟಾಗಲೂ ಟಾಸ್ಕ್ ಮ್ಯಾನೇಜರ್ ಮಿಣುಕೀತಲ್ಲ? ಹಾಗಾದರೆ ನಿಮ್ಮ ಹೇತು ವ್ಯಭಿಚಾರಿ! ಆಕ್ಷೇಪ ಘನವಾದದ್ದೇ. ಸಮಾಧಾನ: ಬಯೋಸ್ ಪರದೆಯನ್ನು ನೋಡತಕ್ಕದ್ದು. ಆಗಿನ್ನೂ ವಿಂಡೋಸೂ ಎದ್ದಿಲ್ಲ, ಅದರ ಡ್ರೈವರೂ ಬಂದಿಲ್ಲ. ಊರಿಗೇ ಕಾಲಿಡದವನ ಮೇಲೆ ಕಳ್ಳತನ ಹೊರಿಸಲಾದೀತೇ? ಅಲ್ಲೂ ಮಿಣುಕಿದರೆ ರಿಪೇರಿ ಅಂಗಡಿಯೇ ತೀರ್ಥಕ್ಷೇತ್ರ.

ಲಿನಕ್ಸ್ ಶಾಖೆಯವರದು ಸೂಕ್ಷ್ಮತರ ವಾದ. ಚಿತ್ರ ಬದಲಾಗದಿದ್ದಾಗ ಪರದೆ ತನ್ನದೇ ನೆನಪಿನಿಂದ ಅದನ್ನು ಮತ್ತೆ ಮತ್ತೆ ಬಿಡಿಸಿಕೊಳ್ಳುತ್ತದೆ, ಅಷ್ಟು ಹೊತ್ತು ಚಿಪ್ ಬ್ಯಾಟರಿ ಉಳಿಸುತ್ತದೆ. ಇದಕ್ಕೆ ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಎಂದು ಹೆಸರು. ನಿದ್ದೆಗೂ ಎಚ್ಚರಕ್ಕೂ ನಡುವಿನ ಈ ಸಂಧಿಯಲ್ಲೇ ಕೆಲವು ಯಂತ್ರಗಳು ಮಿಣುಕುತ್ತವೆ. ಇಂಟೆಲ್ ಚಿಪ್ಪಿನವರು ಕರ್ನಲ್ ಸಾಲಿನಲ್ಲಿ ಐ915 ಡಾಟ್ ಎನೇಬಲ್ ಅಂಡರ್‌ಸ್ಕೋರ್ ಪಿಎಸ್‌ಆರ್ ಸಮ 0 ಎಂದು ಬರೆದು ಶಾಂತಿ ಮಾಡಿಸುತ್ತಾರೆ. ಮಂತ್ರದಲ್ಲಿ ಒಂದು ಚುಕ್ಕೆ ತಪ್ಪಿದರೂ ಫಲವಿಲ್ಲ.

ವಿಂಡೋಸಿನವರ ಲಘು ಪ್ರಾಯಶ್ಚಿತ್ತ: ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಕೀಲಿಗಳನ್ನು ಒಟ್ಟಿಗೆ ಒತ್ತುವುದು. ಪರದೆ ಕ್ಷಣಕಾಲ ಕಪ್ಪಾಗಿ, ಡ್ರೈವರ್ ಸ್ನಾನ ಮುಗಿಸಿ ಬರುತ್ತದೆ. ಗುಣವಾಗದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ರೋಲ್ ಬ್ಯಾಕ್. ಆ ಗುಂಡಿ ಮಸುಕಾಗಿದ್ದರೆ ಡ್ರೈವರಿಗೆ ಪೂರ್ವಜನ್ಮದ ಸ್ಮರಣೆಯಿಲ್ಲವೆಂದು ತಿಳಿದು, ಕಿತ್ತುಹಾಕಿ, ತಯಾರಕರ ತಾಣದಿಂದ ಹೊಸದಾಗಿ ಪ್ರತಿಷ್ಠಾಪಿಸಬೇಕು.

ಇಷ್ಟಾದರೂ ಪುನರ್ಜನ್ಮದ ಭಯ ತಪ್ಪದು. ಹಳೆಯ ಡ್ರೈವರಿಗೆ ಮರಳಿ ನೆಮ್ಮದಿಯಾಗಿ ಮಲಗಿದವನ ಯಂತ್ರಕ್ಕೆ ವಿಂಡೋಸ್ ಅಪ್‌ಡೇಟ್ ಅದೇ ಹೊಸ ಡ್ರೈವರನ್ನು ಮತ್ತೆ ತಂದು ಕೂರಿಸೀತು. ತಡೆಯುವ ಉಪಾಯದಲ್ಲಿ ಅಧಿಕಾರಿಭೇದವಿದೆ. ಪ್ರೊ ಆವೃತ್ತಿಯವರು ಗ್ರೂಪ್ ಪಾಲಿಸಿಯಲ್ಲಿ ಡ್ರೈವರುಗಳನ್ನು ನಿಷೇಧಿಸಬಹುದು. ಹೋಮ್ ಆವೃತ್ತಿಯ ಗೃಹಸ್ಥರಿಗೆ ಆ ಪಾಲಿಸಿಯ ಬಾಗಿಲೇ ಇಲ್ಲ. ಅವರು 35 ದಿನಗಳವರೆಗೆ ಅಪ್‌ಡೇಟ್ ತಡೆಹಿಡಿಯುವ ವ್ರತ ಹಿಡಿಯಬಹುದು. ಉದ್ಯಾಪನೆಯ ದಿನ ಬಾಕಿಯಿದ್ದ ಅಪ್‌ಡೇಟುಗಳೆಲ್ಲ ಒಟ್ಟಿಗೇ ಊಟಕ್ಕೆ ಬಂದು ಕೂರುತ್ತವೆ, ಅವಕ್ಕೆ ಬಡಿಸದೆ ಎರಡನೆಯ ವ್ರತಕ್ಕೆ ಸಂಕಲ್ಪ ಸಿಗುವುದಿಲ್ಲ.