ಆರ್ದ್ರವಾದ್ಯೋದ್ಧಾರ ಮೀಮಾಂಸೆ ಅಥವಾ ಗೋರ್ಟಾ (ಬಿ) ಸೀಮೆಯಲ್ಲಿ ನೆನೆದ ಕ್ಯಾಸಿಯೊದ ಗತಿ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಇಪ್ಪತ್ತಿಪ್ಪತ್ತರಂತೆ ಐದು ವಿಂಶತಿ, ಒಟ್ಟು ನೂರು ಅಧ್ಯಾಯ. ಆನೆ ಪಳಗಿಸುವುದರಿಂದ ಮೀನು ಬೇಯಿಸುವವರೆಗೆ ಅದರಲ್ಲಿ ಇಲ್ಲದ್ದಿಲ್ಲವೆಂದು ಪಂಡಿತರ ಅಭಿಮತ. ಪ್ರಸ್ತುತ ಪ್ರಬಂಧಕಾರನ ವಿನಮ್ರ ಆಕ್ಷೇಪ ಇಷ್ಟೇ: ನಾಲ್ಕನೆಯ ವಿಂಶತಿಯಲ್ಲಿ ವಾದ್ಯವಿನೋದವಿದೆ, ಐದನೆಯದರಲ್ಲಿ ಜಲಕ್ರೀಡೆಯಿದೆ, ಆದರೆ ವಾದ್ಯವೇ ಜಲಕ್ರೀಡೆಗೆ ಇಳಿದರೆ ಏನು ಮಾಡಬೇಕೆಂಬ ಅಧ್ಯಾಯವಿಲ್ಲ. ಮಗ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ ಬರೆದನಾದರೂ ತಂದೆಯ ಈ ಲೋಪವನ್ನು ತುಂಬುವ ಗೋಜಿಗೆ ಹೋಗಲಿಲ್ಲ. ಮುಂದಿನ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವನೂ ಅಷ್ಟೇ. ಭರತನಿಂದ ಬಂದ ತತ, ಸುಷಿರ, ಅವನದ್ಧ, ಘನ ಎಂಬ ನಾಲ್ಕೇ ವರ್ಗ ಎಣಿಸಿ ಕೈತೊಳೆದುಕೊಂಡ.

ಕೈಬಿಟ್ಟುಹೋದ ಐದನೆಯ ವರ್ಗವನ್ನು ನಾವಿಲ್ಲಿ ‘ಪ್ಲಗ್‌ವಾದ್ಯ’ ಎಂದು ಪ್ರತಿಷ್ಠಾಪಿಸುತ್ತೇವೆ. ಲಕ್ಷಣ: ಯಾವುದು ಕರೆಂಟು ಹೋದಾಗ ತಾನು ಮೌನಿಯಾಗುತ್ತದೋ, ಕರೆಂಟು ಬಂದಾಗ ಊರಿನ ಮೌನ ಕೆಡಿಸುತ್ತದೋ ಅದು ಪ್ಲಗ್‌ವಾದ್ಯ. ಬೆಂಗಳೂರಿನ ಜಿ. ರಾಜ್‌ನಾರಾಯಣ್ 1979ರಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಇದರ ಸಾತ್ವಿಕ ಶಾಖೆ. 1985ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಹೊರತಂದ, ಎಂಟು ರಬ್ಬರು ಹಲಗೆಗಳ ಆಕ್ಟಪ್ಯಾಡ್ ರಾಜಸ ಶಾಖೆ. ಡಿಜೆ ಬಾಕ್ಸು ಯಾವ ಶಾಖೆಯೆಂದು ಗಣಪತಿ ಮೆರವಣಿಗೆಯ ಮರುದಿನ ಮುದುಕರನ್ನು ಕೇಳಿ. ಇವೆಲ್ಲದರ ನಡುವೆ ನಾಯಕಸ್ಥಾನ ಕ್ಯಾಸಿಯೊದ್ದು. ಯಮಹಾ ಇರಲಿ, ಕೋರ್ಗ್ ಇರಲಿ, ಬಿಳಿ-ಕರಿ ಮನೆಗಳಿದ್ದರೆ ನಮ್ಮ ಸೀಮೆಯಲ್ಲಿ ಅದು ಕ್ಯಾಸಿಯೊನೇ.

ಅಧ್ಯಯನಕ್ಷೇತ್ರ ಗೋರ್ಟಾ (ಬಿ), ಬಸವಕಲ್ಯಾಣ ಮತ್ತು ಹುಮನಾಬಾದಿನ ಆಸುಪಾಸು. ಗೋರ್ಟಾ ಎಂದರೆ 1948ರ ಮೇ ತಿಂಗಳಲ್ಲಿ ರಜಾಕಾರರ ಕೈಯಲ್ಲಿ ಪ್ರಾಣ ಕೊಟ್ಟವರ ಊರು. ಆ ಮಾತಿಗೆ ಈ ಪ್ರಬಂಧದ ಹಗುರ ನಾಲಿಗೆ ತಕ್ಕುದಲ್ಲ. ಹುತಾತ್ಮ ಸ್ಮಾರಕಕ್ಕೆ ಕೈಮುಗಿದು, ಊರ ಇನ್ನೊಂದು ಓಣಿಯಿಂದ ಒಳಹೋಗುತ್ತೇನೆ.

ಕ್ಷೇತ್ರವನ್ನು ಇನ್ನಷ್ಟು ಕಿರಿದುಗೊಳಿಸುವುದು ಶಾಸ್ತ್ರಕ್ಕೆ ಒಳ್ಳೆಯದು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಜನವರಿಯದು. ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸನ್ನಿಧಿಯ ದತ್ತ ಜಯಂತಿ, ಸಂಗೀತ ದರ್ಬಾರು ಮಾರ್ಗಶಿರದ ಚಳಿಯಲ್ಲಿ. ಅಲ್ಲಿ ಬರುವ ವಾದ್ಯಗಳು ಒಣಗಿಯೇ ಇರುವುದರಿಂದ ನಮ್ಮ ಸಂಶೋಧನೆಗೆ ನಿರುಪಯುಕ್ತ. ಗಣೇಶ ಹಾಗಲ್ಲ. ಅವನು ಬರುವುದು ಭಾದ್ರಪದದಲ್ಲಿ, ಮಳೆಯ ಸಮೇತ. ಅವನ ಬೆನ್ನಿಗೇ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ಬಯಲಲ್ಲಿ ವೇದಿಕೆ, ಮೈಕು, ದೇಶಭಕ್ತಿಗೀತೆ. ಹೈದರಾಬಾದ್ ಸಂಸ್ಥಾನದ ವಿಮೋಚನೆಗೆ ಚರಿತ್ರೆ ಬೇಸಿಗೆಯ ಒಂದು ದಿನ ಗೊತ್ತುಮಾಡಿದ್ದರೆ ಈ ಭಾಗದ ಆಂಪ್ಲಿಫೈಯರುಗಳ ಆಯುಷ್ಯ ಹೆಚ್ಚುತ್ತಿತ್ತೆಂಬುದು ನಮ್ಮ ಮೊದಲ ಪ್ರಮೇಯ.

ಈಗ ದೃಶ್ಯ. ಮಹಾರಾಷ್ಟ್ರದ ಗಡಿ ಹತ್ತಿರವಾದ್ದರಿಂದ ಬ್ಯಾಂಜೊ ಪಾರ್ಟಿಯ ಚಾಳಿ ಇಲ್ಲಿಗೂ ಬಂದಿದೆ. ತಳ್ಳುಗಾಡಿಯ ಮೇಲೆ ಕ್ಯಾಸಿಯೊ, ಪಕ್ಕಕ್ಕೆ ಪ್ಯಾಡು, ತಲೆಯ ಮೇಲೆ ಹಾರ್ನು, ಹಿಂದೆ ಜನರೇಟರು. ಗಾಡಿ ಅಗಸಿ ದಾಟುವ ಹೊತ್ತಿಗೆ ಮೋಡ ಒಡೆಯುತ್ತದೆ. ಕುಣಿಯುವವರಿಗೆ ಮಳೆ ಬಂದರೆ ಹುರುಪು ಇಮ್ಮಡಿ, ನುಡಿಸುವವನಿಗೆ ಜೀವ ಅರೆ. ಕ್ಯಾಸಿಯೊ ಮೊದಲು ಒಂದೇ ಸ್ವರವನ್ನು ಹಿಡಿದು ಬಿಡಲೊಲ್ಲದು, ಆಮೇಲೆ ಯಾರೂ ಒತ್ತದ ಮನೆ ತಾನೇ ಹಾಡುತ್ತದೆ, ಕಡೆಗೆ ಡಿಸ್ಪ್ಲೇ ಕಣ್ಣುಮುಚ್ಚುತ್ತದೆ. ‘ಒಳಗ ನೀರ್ ಹೋಗ್ಯಾವ್ರಿ’ ಎಂಬ ರೋಗನಿರ್ಣಯ ಇಲ್ಲಿಗೆ ಮುಗಿಯಿತು. ಇನ್ನು ಚಿಕಿತ್ಸೆಯ ಮತಭೇದಗಳು.

ಅತ್ಯಂತ ಪ್ರಾಚೀನ ಹಾಗೂ ಅತ್ಯಂತ ಮಾರಕ ಪಂಥ ‘ಹಚ್ಚಿ ನೋಡು’ ಎಂಬುದು. ‘ಒಮ್ಮಿ ಹಚ್ಚಿ ನೋಡ್ರಿ, ಹತ್ತತದೋ ಇಲ್ಲೋ’ ಎಂಬುದೇ ಇದರ ಮೂಲಸೂತ್ರ. ಈ ಪಂಥಕ್ಕೆ ಗುರುಗಳಿಲ್ಲ, ಊರೆಲ್ಲ ಶಿಷ್ಯರೇ. ಇದನ್ನು ಖಂಡಿಸಲು ಸ್ವಲ್ಪ ರಸಾಯನಶಾಸ್ತ್ರ ಬೇಕಾಗುತ್ತದೆ, ಓದುಗರು ಸಹಿಸಿಕೊಳ್ಳಬೇಕು.

ಶುದ್ಧ ನೀರು ವಿದ್ಯುತ್ತನ್ನು ಬಲು ಕಡಿಮೆ ಹರಿಯಗೊಡುತ್ತದೆ. ಆದರೆ ಮೆರವಣಿಗೆಯ ನೀರು ಶುದ್ಧವಲ್ಲ. ಅದರಲ್ಲಿ ಎರೆಮಣ್ಣಿದೆ, ಗುಲಾಲಿದೆ, ವಾದಕನ ಬೆವರಿನ ಉಪ್ಪಿದೆ. ಇಂಥ ನೀರು ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳ ನಡುವೆ ನಿಂತಿರುವಾಗ ಸ್ವಿಚ್ ಒತ್ತಿದರೆ, ಧನ ತುದಿಯ ಲೋಹ ಕರಗಿ ಋಣ ತುದಿಯತ್ತ ಹೊರಡುತ್ತದೆ. ಅಲ್ಲಿ ಎಳೆ ಎಳೆಯಾಗಿ ಬೆಳೆದು, ಕೂಡಬಾರದ ಎರಡು ದಾರಿಗಳನ್ನು ಕೂಡಿಸುತ್ತದೆ. ನೀರು ಒಂದು ರಾತ್ರಿಯಲ್ಲಿ ಮಾಡಲಾರದ ಹಾನಿಯನ್ನು ಕರೆಂಟು ಕೂಡಿದ ನೀರು ಕೆಲವೇ ನಿಮಿಷದಲ್ಲಿ ಮಾಡಿಬಿಡುತ್ತದೆ. ಆದ್ದರಿಂದ ಕ್ಯಾಸಿಯೊವನ್ನು ಕೊಲ್ಲುವುದು ಮಳೆಯಲ್ಲ, ಮಳೆಯ ನಂತರದ ಬೆರಳು. ಇದು ಈ ಮೀಮಾಂಸೆಯ ಸಿದ್ಧಾಂತ. ಪ್ಲಗ್ಗು ಕಿತ್ತ ಮಾತ್ರಕ್ಕೆ ಗೆದ್ದೆವೆನ್ನಬೇಡಿ: ತಳದ ಖಾನೆಯಲ್ಲಿ ಸೆಲ್ಲುಗಳಿದ್ದರೆ ಅವು ಯಾರಿಗೂ ಹೇಳದೆ ಅದೇ ಕೆಲಸ ಮುಂದುವರಿಸುತ್ತಿರುತ್ತವೆ. ಅವನ್ನೂ ಕಿತ್ತಿಡಬೇಕು.

ಎರಡನೆಯದು ಧಾನ್ಯ ಪಂಥ. ನೆನೆದುದನ್ನು ಅಕ್ಕಿಯಲ್ಲಿ ಹುಗಿಯಿರಿ ಎಂಬುದು ಇದರ ಉಪದೇಶ. ಇದು ಫೋನಿನ ಗಾತ್ರಕ್ಕೆ ಹುಟ್ಟಿದ ಧರ್ಮ. ಅರವತ್ತೊಂದು ಮನೆಯ ಕೀಬೋರ್ಡನ್ನು ಹುಗಿಯಲು ಎಷ್ಟು ಚೀಲ ಬೇಕೆಂಬುದನ್ನು ಇದರ ಭಾಷ್ಯಕಾರರು ಹೇಳಿಲ್ಲ. ಮೇಲಾಗಿ ಇದು ಜೋಳ ತೊಗರಿಯ ಸೀಮೆ. ಹಾಗಾದರೆ ಜೋಳ ಆದೀತೆ? 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿಗೆ ಅಕ್ಕಿಗಿಂತ ಹೆಚ್ಚಿನ ಹೀರುವ ಶಕ್ತಿಯುಂಟೆ? ಈ ಪ್ರಶ್ನೆಗಳ ಮೇಲೆ ಮೂರು ಪಿಎಚ್‌.ಡಿ. ಆಗಬಹುದಿತ್ತು. ಆದರೆ ಫೋನು ಮಾಡುವ ಆ್ಯಪಲ್ ಕಂಪನಿಯೇ 2024ರಲ್ಲಿ, ನೆನೆದ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಅಕ್ಕಿಯ ನುಚ್ಚು ಒಳಹೊಕ್ಕು ಕೆಡಿಸೀತು ಎಂದುಬಿಟ್ಟಿತು. ಅಕ್ಕಿ ಹೀರುವುದು ಅತ್ಯಲ್ಪ. ಫ್ಯಾನಿನ ಗಾಳಿಯಲ್ಲಿ ಬಿಚ್ಚಿಟ್ಟ ಬೋರ್ಡು ಅದಕ್ಕಿಂತ ಬೇಗ ಒಣಗುತ್ತದೆ. ಧಾನ್ಯವನ್ನು ದಾಸೋಹಕ್ಕೆ ಬಿಡುವುದು ಲೇಸು.

ಅಗ್ನಿ ಪಂಥದವರು ಹೇರ್ ಡ್ರೈಯರ್, ಒಲೆಯ ಕಾವು ಮತ್ತು ಮಾಳಿಗೆಯ ಬಿಸಿಲನ್ನು ನಂಬುತ್ತಾರೆ. ಇವರಿಗೆ ಈ ನಂಬಿಕೆ ಬಂದದ್ದು ಹಲಗಿಯಿಂದ. ಹಲಗಿ ನೆನೆದು ಸಡಿಲಾದರೆ ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಚರ್ಮ ಬಿಗಿದು ಮತ್ತೆ ಕಣಕಣ ಎನ್ನುತ್ತದೆ. ಅವನದ್ಧ ವಾದ್ಯಕ್ಕೆ ಇದು ಸರಿಯಾದ ವೈದ್ಯ. ಪ್ಲಗ್‌ವಾದ್ಯಕ್ಕೆ ಇದೇ ವೈದ್ಯ ಮಾಡಿದರೆ ಮನೆಗಳು ಸೊಟ್ಟಗಾಗಿ, ಸ ಒತ್ತಿದಾಗ ರಿಯೂ ಜೊತೆಗೆ ಇಳಿಯುತ್ತದೆ. ಹೊಸ ರಾಗ ಸಿಕ್ಕಿತೆಂದು ಸಂತೋಷಪಡುವವರನ್ನು ತಡೆಯಲಾರೆ.

ಇನ್ನು ಸ್ಪಿರಿಟ್ ಪಂಥ. ಇದರಲ್ಲಿ ಸತ್ಯಾಂಶವಿದೆ, ಆದರೆ ಬಾಟಲಿ ತಪ್ಪು. ಬೇಕಾದದ್ದು ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿಯವರ ಬಳಿ ‘ಐಪಿಎ’ ಎಂದರೆ ಸಿಗುತ್ತದೆ. ಅದು ನೀರನ್ನು ತನ್ನೊಡನೆ ಕರೆದುಕೊಂಡು ಹಾರಿಹೋಗುತ್ತದೆ. ಮನೆಯಲ್ಲಿ ಕೊರೊನಾ ಕಾಲದಿಂದ ಉಳಿದ ಸ್ಯಾನಿಟೈಸರ್‌ನಲ್ಲಿ ನೀರೂ ಜಿಗುಟು ಗ್ಲಿಸರಿನ್ನೂ ಇರುತ್ತವೆ. ಪೆಟ್ರೋಲು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಬೀಡಿ ಸೇದುವವರು ಹತ್ತಿರವಿದ್ದರೆ ವಾದಕನನ್ನೂ.

ಈಗ ವಿರೋಧಾಭಾಸದ ಶಿಖರ. ನೆನೆದ ಬೋರ್ಡಿಗೆ ಕೆಸರು ಹತ್ತಿದ್ದರೆ ಮಾಡಬೇಕಾದ ಮೊದಲ ಕೆಲಸ ಅದನ್ನು ಮತ್ತೆ ನೀರಲ್ಲಿ ತೊಳೆಯುವುದು. ಇದನ್ನು ಬ್ಯಾಂಡ್ ಮಾಲೀಕನ ಎದುರು ಹೇಳುವಾಗ ಎರಡು ಮಾರು ದೂರ ನಿಲ್ಲಿ. ಆದರೆ ಸತ್ಯ ಸತ್ಯವೇ: ಕೆಸರು ಒಣಗಿದರೆ ಉಪ್ಪು ಅಲ್ಲೇ ಉಳಿಯುತ್ತದೆ, ಮುಂದೆ ತೇವ ಸೋಕಿದಾಗೆಲ್ಲ ತಾಮ್ರ ತಿನ್ನುತ್ತದೆ. ತೊಳೆಯುವುದು ಡಿಸ್ಟಿಲ್ಡ್ ವಾಟರ್‌ನಲ್ಲಿ. ಇದಕ್ಕಾಗಿ ಹೈದರಾಬಾದಿಗೆ ಓಡಬೇಕಿಲ್ಲ. ಪುಣೆ ಹೈದರಾಬಾದ್ ಹೆದ್ದಾರಿಯ ಮೇಲಿನ ಸಸ್ತಾಪುರ ಬಂಗ್ಲಾದಲ್ಲಿ ಲಾರಿ ಬ್ಯಾಟರಿಗೆ ಹಾಕುವ ನೀರು ಇದೇ. ಡಿಸ್ಪ್ಲೇ, ಸ್ಪೀಕರುಗಳನ್ನು ಮಾತ್ರ ಬಿಚ್ಚಿ ಪಕ್ಕಕ್ಕಿಡಬೇಕು. ಸ್ಪೀಕರಿನ ಕಾಗದದ ಕೋನು ತೊಳೆದರೆ ಹರಿಯುತ್ತದೆ. ತೊಳೆದ ಮೇಲೆ ಐಪಿಎ, ಅದರ ಮೇಲೆ ನೆರಳು ಮತ್ತು ಫ್ಯಾನು. ದಿನ ಎಷ್ಟಾದರೂ ಆಗಲಿ.

ಮನೆಗಳ ಕೆಳಗಿರುವ ರಬ್ಬರು ಪಟ್ಟಿಯಲ್ಲಿ ಕರಿ ಕಾರ್ಬನ್ ಗುಂಡಿಗಳಿವೆ. ಒತ್ತಿದ ಜೋರು ತಿಳಿಯುವ ಕೀಬೋರ್ಡಾದರೆ ಒಂದೊಂದು ಮನೆಗೆ ಎರಡೆರಡು. ಮೊದಲನೆಯದು ಮುಟ್ಟಿದ್ದಕ್ಕೂ ಎರಡನೆಯದು ಮುಟ್ಟಿದ್ದಕ್ಕೂ ನಡುವಿನ ಸಮಯ ಅಳೆದು ಯಂತ್ರ ಬೆರಳಿನ ಬಲ ಅರಿಯುತ್ತದೆ. ಎರಡರಲ್ಲಿ ಒಂದಕ್ಕೆ ಕೆಸರು ಹತ್ತಿದರೆ ಆ ಸ್ವರ ಮೂಕವಾಗಬಹುದು, ಇಲ್ಲವೇ ಮೆಲ್ಲನೆ ಮುಟ್ಟಿದರೂ ಕಿರುಚಬಹುದು. ಭಜನೆಯ ನಡುವೆ ಒಂದೇ ಪಂಚಮ ಸಿಟ್ಟಿಗೆದ್ದಂತೆ ಕೇಳಿದರೆ ದೈವದ ಸೂಚನೆಯೆಂದು ಬಗೆಯಬೇಡಿ. ಪಟ್ಟಿ ಎತ್ತಿ, ಹತ್ತಿಯ ಕಡ್ಡಿಗೆ ಐಪಿಎ ಹಚ್ಚಿ ಒರೆಸಿ. ಬಲವಾಗಿ ಉಜ್ಜಿದರೆ ಕಾರ್ಬನ್ನೇ ಹೋದೀತು.

ಒಂದು ಕಡೆ ಮಾತ್ರ ಈ ಪ್ರಬಂಧ ತಮಾಷೆ ಬಿಡುತ್ತದೆ. ಆಂಪ್ಲಿಫೈಯರ್ ಮತ್ತು ಪವರ್ ಸಪ್ಲೈ ಒಳಗಿನ ದಪ್ಪ ಕೆಪಾಸಿಟರುಗಳು ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಅದನ್ನು ಬಲ್ಲ ಮೆಕ್ಯಾನಿಕ್ ಬಿಟ್ಟು ಬೇರೆಯವರು ಬಿಚ್ಚಬಾರದು. ನೆಲ ಹಸಿಯಿರುವಾಗ ಹಸಿ ಕೈಯಲ್ಲಿ ಜನರೇಟರಿನ ವೈರು ಮುಟ್ಟುವುದೂ ಬೇಡ.

ಇಷ್ಟೆಲ್ಲ ಹಳ್ಳಿಯ ಪಡಿಪಾಟಲು ಎಂದು ಪಟ್ಟಣದ ಓದುಗರು ಮೂಗು ಮುರಿಯಬಾರದು. 2010ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಕಂಬರ್‌ಲೆಂಡ್ ನದಿ ಉಕ್ಕಿ, ‘ಸೌಂಡ್‌ಚೆಕ್’ ಎಂಬ ವಾದ್ಯಗಳ ಗೋದಾಮಿಗೆ ನುಗ್ಗಿತ್ತು. ವಿನ್ಸ್ ಗಿಲ್, ಕೀತ್ ಅರ್ಬನ್‌ರಂಥ ಹೆಸರಾಂತರ ಗಿಟಾರುಗಳೂ ಆಂಪ್ಲಿಫೈಯರುಗಳೂ ಕೆಸರುನೀರು ಕುಡಿದವು. ನೀರು ಕಲಾವಿದರ ದರ್ಜೆ ಕೇಳುವುದಿಲ್ಲ.

ತೀರ್ಪು. ಪ್ಲಗ್ಗು ಮತ್ತು ಸೆಲ್ಲು ಕಿತ್ತು, ತಿರುವಿ ನೀರಿಳಿಸಿ, ಸ್ವಿಚ್ಚು ಮುಟ್ಟದೆ ತಂದ ಕ್ಯಾಸಿಯೊ ಬದುಕುವ ಸಂಭವ ಚೆನ್ನಾಗಿದೆ. ನಡುದಾರಿಯಲ್ಲಿ ‘ಹಚ್ಚಿ ನೋಡಿ’ ತಂದದ್ದಕ್ಕೆ ಈ ಶಾಸ್ತ್ರ ಹೊಣೆಯಲ್ಲ.

ಗಣೇಶ ಮಂಡಳಿಯವರಲ್ಲಿ ವಿನಂತಿ. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಗೆ ಸಿಗುವ ತಾಡಪತ್ರಿ ತೊಗರಿ ರಾಶಿಗೆಂದು ಕೊಟ್ಟದ್ದು, ನಿಜ. ಆದರೆ ಭಾದ್ರಪದದಲ್ಲಿ ತೊಗರಿ ಇನ್ನೂ ಹೊಲದಲ್ಲಿರುತ್ತದೆ, ತಾಡಪತ್ರಿ ಅಟ್ಟದಲ್ಲಿ ಖಾಲಿ ಬಿದ್ದಿರುತ್ತದೆ. ಎರಡು ಕೇಳಿ ತನ್ನಿ, ಒಂದು ಗಣಪನಿಗೆ, ಒಂದು ಕ್ಯಾಸಿಯೊಕ್ಕೆ. ಒಂದೇ ಸಿಕ್ಕರೆ ಕ್ಯಾಸಿಯೊಕ್ಕೆ ಹೊದಿಸಿ. ಗಣಪ ಹೇಗೂ ನೀರಿಗೆ ಹೋಗುವವನೇ.