ಅಂಗಳಕ್ಕಿಂತ ತಗ್ಗಿನ ಬೆಟ್ಟ

ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ, ಊರಿನಿಂದ ಬಂದ ಹಿರಿಯರಿಗೆ ತೋರಿಸಬೇಕಾದ ಸ್ಥಳಗಳ ಪಟ್ಟಿ ಯಾರೂ ಬರೆದಿಡದೆಯೇ ಸಿದ್ಧವಾಗಿರುತ್ತದೆ. ಮೊದಲ ವಾರ ಲಿಬರ್ಟಿ ಪ್ರತಿಮೆ, ಎರಡನೆಯ ವಾರ ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನ, ಸಾಲು ರಜೆ ಸಿಕ್ಕಿದರೆ ನಯಾಗರ. ಇಷ್ಟು ಮುಗಿದಾಗ ಆರು ತಿಂಗಳ ವಾಸದಲ್ಲಿ ಇನ್ನೂ ಐದು ತಿಂಗಳು ಬಾಕಿ. ಆಮೇಲೆ ಮಾವನವರು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಎದುರುಮನೆಯವನು ಹುಲ್ಲು ಕತ್ತರಿಸುವುದನ್ನು ನೋಡುತ್ತಾ, ಅವನ ಕತ್ತರಿಸುವಿಕೆಯಲ್ಲಿ ದೋಷ ಹುಡುಕಲು ತೊಡಗುತ್ತಾರೆ. ಈ ಹಂತ ಬಂದಾಗ ಬುದ್ಧಿವಂತ ಅಳಿಯ ತಡಮಾಡುವುದಿಲ್ಲ. "ಶನಿವಾರ ಟ್ಯಾಮನಿಗೆ ಹೋಗೋಣ್ವಾ ಮಾವ?" ಎನ್ನುತ್ತಾನೆ.

ಟ್ಯಾಮನಿ ಒಂದು ಬೆಟ್ಟ. ಕಿಟಟಿನಿ ಎಂಬ ನೀಳವಾದ ಬೆಟ್ಟಸಾಲನ್ನು ಡೆಲವೇರ್ ನದಿ ಅಡ್ಡಕ್ಕೆ ಸೀಳಿ ಹರಿಯುವ ಕಮರಿಗೆ ಡೆಲವೇರ್ ವಾಟರ್ ಗ್ಯಾಪ್ ಎಂದು ಹೆಸರು. ಆ ದಡದಲ್ಲಿ ಪೆನ್ಸಿಲ್ವೇನಿಯಾದ ಮಿನ್ಸಿ ಬೆಟ್ಟ, 1,461 ಅಡಿ. ಈ ದಡದಲ್ಲಿ ನಮ್ಮ ಟ್ಯಾಮನಿ, 1,527 ಅಡಿ. ನಡುವಿನ 66 ಅಡಿ ವ್ಯತ್ಯಾಸವನ್ನು ನ್ಯೂಜೆರ್ಸಿಯವರಾದ ನಾವು ಮನಸ್ಸಿನಲ್ಲೇ ಲೆಕ್ಕ ಹಾಕಿ ಖುಷಿಪಡುತ್ತೇವೆ. ಹೆಸರು ಲೆನಾಪೆ ಎಂಬ ಮೂಲನಿವಾಸಿಗಳ ಮುಖಂಡ ಟ್ಯಾಮನೆಂಡ್‌ನದು. ಹದಿನೇಳನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾ ಸ್ಥಾಪಿಸಿದ ವಿಲಿಯಂ ಪೆನ್ ಜೊತೆ ಶಾಂತಿಯಿಂದ ಬಾಳಿದವನೆಂದು ಅವನಿಗೆ ಕೀರ್ತಿ. ಮುಂದೆ ನ್ಯೂಯಾರ್ಕ್‌ನ ಟ್ಯಾಮನಿ ಹಾಲ್ ಎಂಬ ರಾಜಕೀಯ ಕೂಟವೂ ಅವನ ಹೆಸರನ್ನೇ ಇಟ್ಟುಕೊಂಡು ಲಂಚಗುಳಿತನಕ್ಕೆ ಜಗತ್ಪ್ರಸಿದ್ಧವಾಯಿತು. ಸತ್ಪುರುಷರ ಹೆಸರನ್ನು ಯಾವುದಕ್ಕೆ ಇಡುತ್ತಾರೆಂಬುದು ಸತ್ಪುರುಷರ ಕೈಯಲ್ಲಿಲ್ಲ. ಒಂದು ಬೆಟ್ಟವಾದರೂ ಸಿಕ್ಕಿತಲ್ಲ, ಪುಣ್ಯ.

ನನ್ನ ಮಾವನವರು ಮೈಸೂರಿನ ಸರಸ್ವತಿಪುರಂನವರು, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು ಅವರ ಹಳೆಯ ವ್ರತ. ಬೆಟ್ಟ ಎಂದ ಕೂಡಲೇ ಅವರು ಕೇಳಿದ್ದು ಎತ್ತರ.

"1,527."

"ಮೀಟರೋ ಅಡಿಯೋ?"

"ಅಡಿ, ಮಾವ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸಾಲದ ಅರ್ಜಿ ತಿರಸ್ಕರಿಸುವ ಮುನ್ನ ಹೀಗೆಯೇ ಒರೆಸುತ್ತಿದ್ದರಂತೆ. "ಅಳಿಯಂದಿರೇ, ಮೈಸೂರು ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಅಡಿ. ಅಂದರೆ ನಮ್ಮನೆ ಅಂಗಳ ನಿಮ್ಮ ಬೆಟ್ಟದ ನೆತ್ತಿಗಿಂತ ಸಾವಿರ ಅಡಿ ಮೇಲಿದೆ. ನಿಮ್ಮತ್ತೆ ದಿನಾ ರಂಗೋಲಿ ಇಡೋದು ಆ ಎತ್ತರದಲ್ಲಿ. ಅದಕ್ಕೆ ಅವಳೇನು ಬೂಟು ಹಾಕ್ಕೊಳ್ತಾಳಾ?"

ವಾದದಲ್ಲಿ ಲೋಪವಿರಲಿಲ್ಲ. ನ್ಯೂಜೆರ್ಸಿಯ ಅತ್ಯಂತ ಎತ್ತರದ ಜಾಗಕ್ಕೆ ಹೈ ಪಾಯಿಂಟ್ ಎಂದೇ ಹೆಸರಿಟ್ಟಿದ್ದಾರೆ. ಅದೂ 1,803 ಅಡಿಗೆ ನಿಂತುಹೋಗುತ್ತದೆ. ಬೆಂಗಳೂರಿನವರಂತೂ ಮೂರು ಸಾವಿರ ಅಡಿಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ, ಅದನ್ನು ಯಾರೂ ಪರ್ವತಾರೋಹಣ ಎನ್ನುವುದಿಲ್ಲ.

ಆದರೂ ಹೊರಟೆವು. ಎಡಿಸನ್ ಕಡೆಯಿಂದ ಒಂದೂಕಾಲು ಗಂಟೆಯ ದಾರಿ. ಐ-80 ಹೆದ್ದಾರಿ ಬೆಟ್ಟದ ಬುಡವನ್ನು ಉಜ್ಜಿಕೊಂಡೇ ಹೋಗುತ್ತದೆ. ಇಲ್ಲಿ ಇಳಿಯಬೇಕಾದ ಎಕ್ಸಿಟ್ ನ್ಯೂಜೆರ್ಸಿಯ ಕೊನೆಯದು. ಅದು ತಪ್ಪಿತೋ, ಸೇತುವೆ ದಾಟಿ ಪೆನ್ಸಿಲ್ವೇನಿಯಾ ಸೇರಲು ಸುಂಕ ತೆರಬೇಕು. ಹಟ ಹಿಡಿದು ಅದೇ ರಸ್ತೆಯಲ್ಲಿ ಮುಂದುವರಿದರೆ ಸ್ಯಾನ್‌ಫ್ರಾನ್ಸಿಸ್ಕೋ. ಆ ಸೇತುವೆಯ ಸುಂಕ ಆಚೆಗೆ ಹೋಗುವವರಿಗೆ ಮಾತ್ರ, ಈಚೆಗೆ ಬರುವವರಿಗಿಲ್ಲ. "ರಾಜ್ಯ ಬಿಟ್ಟು ಹೋಗೋಕೆ ದುಡ್ಡು ಕಟ್ಟಬೇಕಾ! ಡೆಪಾಸಿಟ್ ಒಡೆಯೋರಿಗೆ ನಾವು ಹಾಕ್ತಿದ್ದ ದಂಡ ಇದೇ ತಾನೇ," ಎಂದು ಮಾವನವರು ಮೊದಲ ಬಾರಿಗೆ ನ್ಯೂಜೆರ್ಸಿಯ ಆಡಳಿತವನ್ನು ಮೆಚ್ಚಿದರು.

ಬೆಟ್ಟ ಹತ್ತುವುದಕ್ಕಿಂತ ಕಷ್ಟದ ಕೆಲಸ ಕಾರು ನಿಲ್ಲಿಸುವುದು. ಬೇಸಿಗೆಯ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಡನ್‌ಫೀಲ್ಡ್ ಪಾರ್ಕಿಂಗ್ ಭರ್ತಿ. ಇಳಿದು ಬಂದವರನ್ನು ಹತ್ತಲು ಬಂದವರು ಕಾರಿನಲ್ಲಿ ಮೆಲ್ಲಗೆ ಹಿಂಬಾಲಿಸುತ್ತಾರೆ. ಸುಸ್ತಾಗಿ ಬಂದವನು ಡಿಕ್ಕಿ ತೆರೆದು, ನೀರು ಕುಡಿದು, ಶೂ ಬಿಚ್ಚಿ, ಕಾಲು ಗಾಳಿಗೆ ಹಿಡಿದು, ಸಾಕ್ಸ್ ಮಡಿಸಿ, ಕೊನೆಗೆ ಇನ್ನೊಂದು ಸುತ್ತು ಹೋಗೋಣವೆಂದು ನಿರ್ಧರಿಸಿದರೆ ಹಿಂಬಾಲಿಸಿದವನ ಗತಿ ಯಾರಿಗೂ ಬೇಡ. ನ್ಯೂಯಾರ್ಕ್‌ಗೆ ಹತ್ತಿರ, ಹೆದ್ದಾರಿಗೆ ಹತ್ತಿರ, ಅರ್ಧ ದಿನಕ್ಕೆ ಮುಗಿಯುತ್ತದೆ: ಈ ಮೂರು ಗುಣಗಳಿದ್ದರೆ ಬೆಟ್ಟಕ್ಕೆ ಎತ್ತರದ ಅಗತ್ಯವಿಲ್ಲ.

ದಾರಿಯ ಆರಂಭದಲ್ಲಿ ಒಂದು ಸೂಚನಾ ಫಲಕ. ಕಪ್ಪು ಕರಡಿ ಇದೆ, ಬುಡುಬುಡಿಕೆ ಹಾವು ಇದೆ, ಉಣ್ಣಿ ಇದೆ, ಎಚ್ಚರ. ಮಾವನವರು ಕರಡಿಯನ್ನು ತಳ್ಳಿಹಾಕಿದರು. "ನಮ್ಮ ಚಾಮುಂಡಿ ಬೆಟ್ಟದಲ್ಲಿ ಚಿರತೆನೇ ಇದೆ, ಯಾರು ಬೋರ್ಡು ಓದ್ತಾರೆ?" ಆದರೆ ಉಣ್ಣಿಯ ಹೆಸರು ಕೇಳಿ ಅತ್ತೆ ಗಂಭೀರರಾದರು. ಅವರ ತವರು ಸಾಗರದ ಕಡೆ. ಕ್ಯಾಸನೂರಿನ ಮಂಗನ ಕಾಯಿಲೆ ಉಣ್ಣಿಯಿಂದ ಹರಡುವುದನ್ನು ಬಾಲ್ಯದಿಂದ ಕೇಳಿ ಬೆಳೆದವರು. ಇಲ್ಲಿಯದು ಎಳ್ಳುಕಾಳಿನಷ್ಟಿದ್ದು ಲೈಮ್ ಕಾಯಿಲೆ ತರುತ್ತದೆ ಎಂದು ನನ್ನ ಮಗಳು ವಿವರಿಸಿದಾಗ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತುರುಕಿಕೊಳ್ಳಲು ಎಲ್ಲರಿಗೂ ಆಜ್ಞೆಯಾಯಿತು. ಮಾವನವರ ನಿಲುವು ಅಲ್ಲಿಗೇ ಅರ್ಧ ತಗ್ಗಿತು.

"ಮೇಲೆ ಯಾವ ದೇವರಿದೆ?" ಎಂದು ಅತ್ತೆ ಕೇಳಿದರು.

"ಯಾವ ದೇವರೂ ಇಲ್ಲ ಅತ್ತೆ."

"ಕಾಫಿ, ಬೋಂಡಾ?"

"ಅದೂ ಇಲ್ಲ. ಕಸದ ಡಬ್ಬಿಯೂ ಇಲ್ಲ. ತಿಂದದ್ದರ ಸಿಪ್ಪೆ ನಾವೇ ವಾಪಸ್ ತರಬೇಕು."

"ಹಾಗಾದರೆ ಹತ್ತೋದು ಯಾಕೆ?"

ಉತ್ತರ ಕೊಡುವುದು ಕಷ್ಟ. ನಂದಿ, ಶಿವಗಂಗೆ, ಬಿಳಿಗಿರಿರಂಗ, ಮಲೆ ಮಹದೇಶ್ವರ, ಹಿಮವದ್ ಗೋಪಾಲಸ್ವಾಮಿ ಎಂದು ಬೆಟ್ಟದ ಹೆಸರಿನಲ್ಲೇ ದೇವರನ್ನು ಕೂರಿಸಿದ ನಾಡಿನವರು ನಾವು. ಮೇಲೆ ಯಾರೂ ಕಾಯುತ್ತಿಲ್ಲವೆಂದರೆ ಕಾಲಿಗೆ ಹುಕುಂ ಕೊಡುವವರು ಯಾರು? ಅತ್ತೆ ಪುಳಿಯೋಗರೆಯ ಡಬ್ಬಿಯೊಂದಿಗೆ ಡನ್‌ಫೀಲ್ಡ್ ತೊರೆಯ ಬಳಿಯೇ ಉಳಿದರು. ಜೊತೆಗೆ ನನ್ನ ಹೆಂಡತಿ. ನಾನು, ಮಾವ, ಮಗಳು ಹೊರಟೆವು.

ಹತ್ತಲು ರೆಡ್ ಡಾಟ್, ಇಳಿಯಲು ಬ್ಲೂ ಡಾಟ್ ಎನ್ನುವುದು ಇಲ್ಲಿಯ ವಾಡಿಕೆ. ಮರಗಳ ಮೇಲೆ ಬಳಿದ ಬಣ್ಣದ ಚುಕ್ಕೆಯೇ ದಾರಿ ತೋರಿಸುತ್ತದೆ. ಸುತ್ತು ಒಟ್ಟು ಮೂರೂವರೆ ಮೈಲಿ. ಅದರಲ್ಲಿ ಏರು ಒಂದೂವರೆ ಮೈಲಿಗೂ ಕಮ್ಮಿ. ಆರಂಭದಲ್ಲಿ ಕೆಲವು ಮೆಟ್ಟಿಲುಗಳಿವೆ. "ನೋಡಿದ್ರಾ, ಮೆಟ್ಟಿಲು!" ಎಂದು ಮಾವನವರು ಮಿಂಚಿ ಮುನ್ನಡೆದರು. ಮೆಟ್ಟಿಲುಗಳು ಇಲ್ಲಿಯವರ ಮುಗುಳ್ನಗೆಯ ಥರ: ಅಷ್ಟಕ್ಕೇ ಮುಗಿಯುತ್ತವೆ. ಆಮೇಲೆ ಬಂಡೆ, ಬೇರು, ಜಾರುವ ಕಲ್ಲುಚೂರು, ಮತ್ತೆ ಬಂಡೆ. ಕೆಲವೆಡೆ ಕೈಯೂರದೆ ದಾಟಲಾಗುವುದಿಲ್ಲ. ನಲವತ್ತು ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಕಲ್ಲು ಎಂದೆ. "ಚಾಮುಂಡಿ ಬೆಟ್ಟದ ಗ್ರಾನೈಟ್ ಇದಕ್ಕಿಂತ ಹಳೇದು," ಎಂದರು. ಅದೂ ನಿಜವೇ. ಆದರೆ ವಾಕ್ಯದ ಮಧ್ಯೆ ಎರಡು ಕಡೆ ಉಸಿರು ತೆಗೆದುಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ನಂದಿ ಎಲ್ಲಿ ಬರುತ್ತೆ?"

ಚಾಮುಂಡಿಯ ಮೆಟ್ಟಿಲು ಹತ್ತುವವರಿಗೆ ಈ ಪ್ರಶ್ನೆಯ ಅರ್ಥ ಗೊತ್ತು. ದೊಡ್ಡದೇವರಾಜ ಒಡೆಯರು ನಡುದಾರಿಯ ಆ ಏಕಶಿಲೆಯ ನಂದಿಯನ್ನು ಕಡೆಸಿದ್ದು ಭಕ್ತಿಯಿಂದಲೇ ಇರಬಹುದು, ಆದರೆ ಮೈಸೂರಿಗರ ತಲೆಮಾರುಗಳು ಅದರ ಮುಂದೆ ಕೈಮುಗಿದಿರುವುದು ಅರ್ಧ ಭಕ್ತಿಯಿಂದ, ಅರ್ಧ ಏದುಸಿರಿನಿಂದ. ನಂದಿ ಇಲ್ಲದ ಬೆಟ್ಟದಲ್ಲಿ ಮರ್ಯಾದೆಯಾಗಿ ನಿಲ್ಲಲು ನೆಪವಿಲ್ಲ. ಕಮರಿ ಕಾಣುವ ಮೊದಲ ಅಂಚಿನಲ್ಲಿ ಒಂದು ಬಂಡೆ ಸಿಕ್ಕಿತು. ಮಾವನವರು ಕುಳಿತು, "ಒಂದು ನಿಮಿಷ, ಲೆಕ್ಕ ತಾಳೆ ನೋಡೋಣ," ಎಂದರು.

"ಕಾರು ನಿಲ್ಲಿಸಿದ ಜಾಗ ಎಷ್ಟು ಎತ್ತರ?"

"ನದಿ ಮಟ್ಟ. ಸಮುದ್ರದಿಂದ ಸುಮಾರು ಮುನ್ನೂರು ಅಡಿ."

"ಹಾಗಾದರೆ ನಾವು ಹತ್ತಬೇಕಾದದ್ದು?"

"ಸಾವಿರದ ಇನ್ನೂರು ಚಿಲ್ಲರೆ."

"ಚಾಮುಂಡಿ ನೆತ್ತಿ 3,489. ಮೈಸೂರು 2,500 ಕಳೀರಿ."

ಮಗಳು ಕಳೆದಳು. "ಸಾವಿರಕ್ಕೂ ಕಮ್ಮಿ ತಾತ."

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದವರು ಓಪನಿಂಗ್ ಬ್ಯಾಲೆನ್ಸ್ ನೋಡದೆ ಕ್ಲೋಸಿಂಗ್ ಬ್ಯಾಲೆನ್ಸಿಗೆ ಷರಾ ಬರೆದಿದ್ದರು. ಮೈಸೂರಿನ ಅಂಗಳದ ಎರಡೂವರೆ ಸಾವಿರ ಅಡಿ ಪಿತ್ರಾರ್ಜಿತ. ಹುಟ್ಟಿದಾಗಲೇ ಖಾತೆಗೆ ಜಮೆಯಾದದ್ದು. ಟ್ಯಾಮನಿಯ ಸಾವಿರದ ಇನ್ನೂರು ಮಾತ್ರ ಪೂರಾ ಸ್ವಯಾರ್ಜಿತ. ಮಾವನವರು ಬಹಳ ಹೊತ್ತು ನದಿ ನೋಡಿದರು. "ಈ ಬೆಟ್ಟ ಮೋಸ ಮಾಡಿದೆ," ಎಂದರು. ಆದರೆ ಎದ್ದು ಹೊರಟ ಹೆಜ್ಜೆಯಲ್ಲಿ ಮೊದಲಿಲ್ಲದ ಮರ್ಯಾದೆಯಿತ್ತು.

ಏಕಾಂತ ಅರಸಿ ಬರುವವರಿಗೆ ಇದು ಜಾಗವಲ್ಲ. ಸ್ಪ್ಯಾನಿಷ್, ಚೀನೀ, ಗುಜರಾತಿ, ತೆಲುಗು ಎಲ್ಲವೂ ಕಿವಿಗೆ ಬೀಳುತ್ತವೆ. ಹವಾಯಿ ಚಪ್ಪಲಿಯವನು ಮುಂದೆ, ಎವರೆಸ್ಟಿಗೆ ಸಾಲುವಷ್ಟು ಸಲಕರಣೆ ಹೊತ್ತವನು ಹಿಂದೆ. ಬೆನ್ನಚೀಲಕ್ಕೆ ಸ್ಪೀಕರ್ ನೇತುಹಾಕಿಕೊಂಡು ಹತ್ತುವ ತರುಣನೊಬ್ಬ ಎಲ್ಲ ಶನಿವಾರಗಳಲ್ಲೂ ಇರುತ್ತಾನೆ. ಮುಖ ಬೇರೆ, ಹಾಡು ಅದೇ. ನಾಯಿಗಳು ಯಜಮಾನರನ್ನು ಎಳೆದುಕೊಂಡು ಹತ್ತುತ್ತವೆ. ಕೆಳಗೆ ಐ-80ರ ಲಾರಿಗಳ ಮೊರೆತ ಜೊತೆಜೊತೆಗೇ ಹತ್ತುತ್ತದೆ. ಇಳಿದು ಬರುವವರು "ಇನ್ನೇನು ಬಂತು, ಐದೇ ನಿಮಿಷ" ಎನ್ನುತ್ತಾರೆ. ಈ ಸುಳ್ಳಿಗೆ ದೇಶಭಾಷೆಗಳ ಭೇದವಿಲ್ಲ.

ನೆತ್ತಿಯ ಬಂಡೆಯಂಚಿಗೆ ಬಂದರೆ ಕಮರಿ ಪೂರ್ತಿ ತೆರೆದುಕೊಳ್ಳುತ್ತದೆ. ಎದುರಿಗೆ ಮಿನ್ಸಿಯ ಓರೆಯಾದ ಕಲ್ಲುಪದರಗಳು, ನಡುವೆ ಬಳುಕಿ ತಿರುಗುವ ಡೆಲವೇರ್, ಕಾಲಕೆಳಗೆ ಹದ್ದುಗಳು. ಹದ್ದಿನ ಬೆನ್ನನ್ನು ಮೇಲಿನಿಂದ ನೋಡುವ ಸುಖ ಬೇರೆಯೇ. ಅಲ್ಲಿ ಮಾವನವರು ಕೇಳಿದ್ದು ನದಿಯ ಬಗ್ಗೆ: "ಇಷ್ಟು ಇಕ್ಕಟ್ಟಾದ ಕಮರಿ, ಯಾರೂ ಅಣೆಕಟ್ಟು ಕಟ್ಟಿಲ್ವಾ?"

ಕಟ್ಟಲು ಹೊರಟಿದ್ದರು. ಕಮರಿಯಿಂದ ಸ್ವಲ್ಪ ಮೇಲಕ್ಕೆ ಟಾಕ್ಸ್ ಐಲೆಂಡ್ ಎಂಬಲ್ಲಿ ಅಣೆಕಟ್ಟೆಗೆ 1962ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಸುಮಾರು 37 ಮೈಲಿ ಉದ್ದದ ಜಲಾಶಯ, ಅದರ ಸುತ್ತ ವಿಹಾರಧಾಮ. ಊರುಗಳನ್ನು ಎಬ್ಬಿಸಿದರು, ಮನೆಗಳನ್ನು ಕೆಡವಿದರು. ಅಷ್ಟರಲ್ಲಿ ಜನ ತಿರುಗಿಬಿದ್ದರು, ಖರ್ಚು ಏರಿತು, ನೆಲದ ಗಟ್ಟಿತನದ ಬಗ್ಗೆ ಅನುಮಾನ ಎದ್ದಿತು. 1978ರಲ್ಲಿ ನದಿಗೆ ಕಾನೂನಿನ ರಕ್ಷಣೆ ಸಿಕ್ಕಿ, 1992ರಲ್ಲಿ ಯೋಜನೆಯೇ ರದ್ದಾಯಿತು. ಜಲಾಶಯದ ದಡಕ್ಕೆಂದು 1965ರಲ್ಲಿ ಘೋಷಿಸಿದ ವಿಹಾರಧಾಮ ಮಾತ್ರ ಉಳಿಯಿತು. ನಾವು ಹತ್ತಿದ ಬೆಟ್ಟ ಇರುವುದು ಅದರ ಎಲ್ಲೆಯೊಳಗೆ.

ಇಳಿದ ಮೇಲೆ ಇದನ್ನು ಅತ್ತೆಗೆ ಹೇಳಿದೆವು. ಅವರ ಸೋದರಮಾವನ ತೋಟ 1964ರ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಡಿ ಇದೆ. "ನಮ್ಮಲ್ಲಿ ಎಬ್ಬಿಸಿದ ಮೇಲೆ ನೀರಾದರೂ ಬಂತು. ಇಲ್ಲಿ ಎಬ್ಬಿಸಿ ಹೈಕಿಂಗ್ ಕಳಿಸ್ತಾರಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ, ಆ ಪ್ರಶ್ನೆಗೆ ಎರಡೂ ದೇಶಗಳ ಸರ್ಕಾರಗಳಲ್ಲೂ ಇರಲಾರದು.

ಇಳಿಯುವ ಬ್ಲೂ ಡಾಟ್ ಉದ್ದ, ಆದರೆ ಸೌಮ್ಯ. ಕೊನೆಗೆ ತೊರೆಯ ಪಕ್ಕದ ನೆರಳಿಗೆ ಬಂದು ಬಿಳಿ ಪಟ್ಟಿಯ ದಾರಿ ಸೇರುತ್ತದೆ. ಅದು ಜಾರ್ಜಿಯಾದಿಂದ ಮೇಯ್ನ್‌ವರೆಗೆ ಸುಮಾರು 2,200 ಮೈಲಿ ಹೋಗುವ ಅಪಲೇಶಿಯನ್ ಟ್ರೇಲ್. ನಾವು ಬಂದಾಗ ಅತ್ತೆಯ ಮುಂದೆ ಗಡ್ಡದ ಹುಡುಗನೊಬ್ಬ ಕುಳಿತು ಪುಳಿಯೋಗರೆ ಉಣ್ಣುತ್ತಿದ್ದ. ಜಾರ್ಜಿಯಾದಿಂದ 1,300 ಮೈಲಿಯಷ್ಟು ನಡೆದು ಬಂದವನು. ಸ್ನಾನದ ಲೆಕ್ಕ ಗಾಳಿಯೇ ಹೇಳುತ್ತಿತ್ತು. ಈ ದಾರಿಯವರು ಅಡ್ಡಹೆಸರು ಇಟ್ಟುಕೊಳ್ಳುವುದು ರೂಢಿ, ಇವನು ಸ್ಪೂನ್. ಅತ್ತೆ ಅದನ್ನು ಮನೆತನದ ಹೆಸರೆಂದು ತಿಳಿದು "ಮಿಸ್ಟರ್ ಸ್ಪೂನ್, ಮೊಸರನ್ನ?" ಎಂದು ಉಪಚರಿಸುತ್ತಿದ್ದರು.

"ಪಾದಯಾತ್ರೆ ಹೊರಟಿದ್ದಾನೆ ಪಾಪ," ಎಂದರು. "ಯಾವ ದೇವರಿಗೆ ಹರಕೆ ಅಂತ ಇವಳ ಕೈಲಿ ಕೇಳಿಸಿದೆ. ಹರಕೇನೂ ಇಲ್ಲ, ಪುಣ್ಯವೂ ಬೇಡವಂತೆ, ಸುಮ್ಮನೆ ನಡೀತಾನಂತೆ. ಅಲ್ಲಿಗೆ ಅವನಿಗೆ ಬೇಡದ ಪುಣ್ಯಾನೂ ಸೇರಿ ಊಟ ಹಾಕಿದ ನನಗೇ ಬಂತು."

ಬೆಟ್ಟ ಹತ್ತಿದ ನಮಗೆ ಮೊಣಕಾಲು ನೋವು, ಬುಡದಲ್ಲಿ ಕುಳಿತವರಿಗೆ ಪುಣ್ಯ. ನಮ್ಮ ಪಾಲಿಗೆ ಡಬ್ಬಿಯಲ್ಲಿ ಉಳಿದದ್ದು ಉಪ್ಪಿನಕಾಯಿ.

ಮಾವನವರು ಈಗ ಮೈಸೂರಿಗೆ ಮರಳಿದ್ದಾರೆ. ಚಾಮುಂಡಿಯ ನಂದಿಯ ಬಳಿ ಸೇರುವ ಗೆಳೆಯರಿಗೆ ಅಮೆರಿಕದ ಪರ್ವತದ ಕಥೆ ಹೇಳುತ್ತಾರಂತೆ. 1,527ರ ಸುದ್ದಿಯನ್ನೇ ಎತ್ತುವುದಿಲ್ಲ. "ಹತ್ತಿದ್ದು ಸಾವಿರದ ಇನ್ನೂರು ಅಡಿ, ಇದಕ್ಕಿಂತ ಜಾಸ್ತಿ" ಎಂದು ನಂದಿಯ ಮುಂದೆಯೇ ಹೇಳುವ ಧೈರ್ಯ ಬಂದಿದೆ.

ಆದ್ದರಿಂದ ನನ್ನಂಥ ಅಳಿಯಂದಿರಲ್ಲಿ, ಸೊಸೆಯಂದಿರಲ್ಲಿ ಒಂದು ವಿನಂತಿ. ಹಿರಿಯರನ್ನು ನಯಾಗರದ ಮುಂದೆ ನಿಲ್ಲಿಸಿ ಫೋಟೋ ತೆಗೆದು ಕಳಿಸಿಬಿಡಬೇಡಿ. ಹತ್ತಿರದಲ್ಲಿ ಒಂದು ಚಿಕ್ಕ ಬೆಟ್ಟ ಇದ್ದೇ ಇರುತ್ತದೆ, ಅವರ ಮೊಣಕಾಲು ಒಪ್ಪಿದರೆ ಹತ್ತಿಸಿ. ವಾರದ ನಡುವೆ ರಜೆ ಹಾಕಿ, ಬೆಳಿಗ್ಗೆ ಬೇಗ ಹೊರಡಿ, ತಲೆಗೆರಡು ಬಾಟಲಿ ನೀರು ಹೊತ್ತುಕೊಳ್ಳಿ, ಮನೆಗೆ ಬಂದ ತಕ್ಷಣ ಉಣ್ಣಿ ಹುಡುಕಿ. ಎತ್ತರ ಎಷ್ಟೆಂದು ಕೇಳಿದರೆ ಹೇಳಬೇಡಿ. ಪುಳಿಯೋಗರೆಯನ್ನು ಮಾತ್ರ ಎರಡು ಡಬ್ಬಿಗಳಲ್ಲಿ ತುಂಬಿ, ಒಂದನ್ನು ನಿಮ್ಮ ಬೆನ್ನಚೀಲದಲ್ಲೇ ಇಟ್ಟುಕೊಳ್ಳಿ.